ಕಡಲ ದಡವೇ ಗಡಿ: ವಿಹಾರನೌಕೆಯೂ ದಿಗ್ವ್ರತವೂ

ಶ್ರಾವಕನ ಹನ್ನೆರಡು ವ್ರತಗಳ ಹೆಸರುಗಳನ್ನು ನಾವು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವರು. ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಪರಿಗ್ರಹ ಪರಿಮಾಣ ಎಂಬ ಐದು ಅಣುವ್ರತಗಳನ್ನು ಕುರಿತು ಪ್ರವಚನಗಳು ನಡೆಯುತ್ತವೆ, ಲೇಖನಗಳು ಪ್ರಕಟವಾಗುತ್ತವೆ. ಅವುಗಳನ್ನು ದಾಟಿ ಗುಣವ್ರತಗಳ ಬಳಿಗೆ ಬರುವಷ್ಟರಲ್ಲಿ ಹೇಳುವವರ ಸಮಯವೂ ಕೇಳುವವರ ತಾಳ್ಮೆಯೂ ತೀರಿರುತ್ತದೆ. ದಿಕ್ಕುಗಳಿಗೆ ಮಿತಿ ಹಾಕಿಕೊಳ್ಳುವ ದಿಗ್ವ್ರತವನ್ನು ಇಂದು ಬಹುಮಂದಿ ಎತ್ತಿನ ಬಂಡಿಯ ಕಾಲದ ನಿಯಮವೆಂದೇ ತಿಳಿದಿದ್ದಾರೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಕಳೆದ ಮಾಘಮಾಸದಲ್ಲಿ ನಮ್ಮ ಮನೆಯಲ್ಲಿ ಎದ್ದ ಒಂದು ಪ್ರಶ್ನೆ ನನ್ನ ಆ ತಿಳಿವಳಿಕೆಯನ್ನು ಅಲುಗಿಸಿತು. ಅದನ್ನು ವಾಚಕ ಮಹನೀಯರ ಮುಂದಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಇಷ್ಟೇ. ಯಾರಿಗೂ ಕೇಡು ಬಗೆಯದೆ, ಯಾರ ಸೊತ್ತನ್ನೂ ಅಪಹರಿಸದೆ, ತನ್ನ ಹಣದಲ್ಲಿ ತಾನು ನಾಲ್ಕು ದಿನ ಕಡಲ ಮೇಲೆ ವಿಹರಿಸಿ ಬರುವುದರಲ್ಲಿ ದೋಷವೇನು?

ಪ್ರಸಂಗ

ನನ್ನ ಅಣ್ಣನ ಮಗ ಹುಬ್ಬಳ್ಳಿಯಲ್ಲಿ ವ್ಯಾಪಾರಸ್ಥ. ಅವನ ವ್ಯವಹಾರದ ಪಾಲುದಾರರೊಬ್ಬರು ಗೋವೆಯಲ್ಲಿ ಒಂದು ಖಾಸಗಿ ವಿಹಾರನೌಕೆಯನ್ನು ಇಟ್ಟುಕೊಂಡಿದ್ದಾರೆ. ಅದರಲ್ಲಿ ಆರು ಮಂದಿ ಮಲಗಬಹುದು, ಅಡಿಗೆಗೆ ಸ್ಥಳವಿದೆ, ನಡೆಸಲು ಮೂವರು ಕೆಲಸಗಾರರು. ಗೋವೆಯಿಂದ ಹೊರಟು ಕಾರವಾರ, ತದಡಿ, ಹೊನ್ನಾವರ, ಭಟ್ಕಳಗಳಲ್ಲಿ ನಿಂತು ಮಲ್ಪೆಯವರೆಗೆ ನಾಲ್ಕು ದಿನ ನಿಧಾನವಾಗಿ ಸಾಗುವ ಯೋಜನೆ. ಬಂದರು ಬಂದಾಗ ಇಳಿಯುವುದು, ಊರು ನೋಡುವುದು, ಮತ್ತೆ ಹತ್ತುವುದು. ಅವಸರವೇನೂ ಇಲ್ಲ. ನನ್ನನ್ನೂ ನನ್ನ ಧರ್ಮಪತ್ನಿಯನ್ನೂ ಕರೆಯಲು ಅವನು ಅತ್ತಿವೇರಿಗೆ ಬಂದ.

ಆರು ವರ್ಷಗಳ ಹಿಂದೆ ದಶಲಕ್ಷಣ ಪರ್ವದಲ್ಲಿ ನಾನು ಗುರುಸಾನ್ನಿಧ್ಯದಲ್ಲಿ ದಿಗ್ವ್ರತವನ್ನು ಸ್ವೀಕರಿಸಿದ್ದೇನೆ. ಪೂರ್ವಕ್ಕೆ ಸಮ್ಮೇದ ಶಿಖರ, ಉತ್ತರಕ್ಕೆ ಹಸ್ತಿನಾಪುರ, ದಕ್ಷಿಣಕ್ಕೆ ಪೊನ್ನೂರು ಬೆಟ್ಟ, ಪಶ್ಚಿಮಕ್ಕೆ ಸಮುದ್ರದ ದಡ. ಯಾತ್ರೆಗೆ ಅಡ್ಡಿಯಾಗದಂತೆ ವಿಶಾಲವಾಗಿಯೇ ಗೆರೆ ಎಳೆದುಕೊಂಡಿದ್ದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಪಶ್ಚಿಮದ ಗೆರೆಯಂತೂ ನನಗೆ ಕಷ್ಟವೇ ಅಲ್ಲವೆಂದು ಭಾವಿಸಿದ್ದೆ. ಹತ್ತಿ ಮತ್ತು ಮೆಣಸಿನಕಾಯಿಯ ದಲಾಲಿಗೆ ಕಡಲಿನಲ್ಲಿ ಏನು ಕೆಲಸ?

ಅಣ್ಣನ ಮಗನಿಗೆ ನನ್ನ ವ್ರತವನ್ನು ತಿಳಿಸಿದೆ. ಅವನು ತಕ್ಷಣವೇ ಕೇಳಿದ: “ಕಾಕಾ, ನೀವು ಮೂವತ್ತು ವರ್ಷ ಹತ್ತಿ ಮಾರಾಕ ಮುಂಬೈ, ಕೊಯಮತ್ತೂರು ಅಂತ ತಿರುಗಿದ್ರಿ. ಲಾಭಕ್ಕ ತಿರುಗಿದ್ರ ತಪ್ಪಿಲ್ಲ, ಸುಮ್ನ ಸಮುದ್ರ ನೋಡಾಕ ಹೋದ್ರ ಪಾಪ ಏನ್ರಿ? ನಾ ಅಲ್ಲಿಂದ ಏನೂ ತರೂದಿಲ್ಲ, ಏನೂ ಮಾರೂದಿಲ್ಲ.”

ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಅದೇ ಸಮಯಕ್ಕೆ ಚಹಾ ತಂದ ನನ್ನ ಧರ್ಮಪತ್ನಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಅವಳು ಯಾವ ದಿಗ್ವ್ರತವನ್ನೂ ತೆಗೆದುಕೊಂಡಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕಡಲ ಮೇಲೆ ಹೋದವಳಲ್ಲ. ಹೋಗಬೇಕೆಂದು ಕೇಳಿದವಳೂ ಅಲ್ಲ. ಆ ದಿನ ಮಾತ್ರ ಅವಳ ಮುಖದಲ್ಲಿ ಆಸೆಯನ್ನು ಕಂಡೆ. “ನೀವು ಬ್ಯಾಡ ಅಂದ್ರ ನಾ ಹೋಗೂದಿಲ್ರಿ” ಎಂದಳು. ಹೀಗೆ ಒಂದು ಪ್ರಶ್ನೆ ಎರಡಾಯಿತು. ನಾನು ಹೋಗಬಹುದೇ ಎಂಬುದು ಒಂದು. ಅವಳು ಹೋಗದಂತೆ ನನ್ನ ವ್ರತ ತಡೆಯಬಹುದೇ ಎಂಬುದು ಇನ್ನೊಂದು.

ಗಡಿಯೂ ದಾರಿಯೂ ಆದ ಕಡಲು

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತದ ಮೇರೆಗಳು ಎಲ್ಲರಿಗೂ ತಿಳಿದಿರುವಂಥವಾಗಿರಬೇಕೆಂದು ವಿಧಿಸಿ, ಅಂಥ ಮೇರೆಗಳನ್ನು ಎಣಿಸುತ್ತಾರೆ. ನದಿ, ಅಡವಿ, ಬೆಟ್ಟ, ದೇಶ, ಯೋಜನಗಳು ಆ ಎಣಿಕೆಯಲ್ಲಿ ಬರುತ್ತವೆ. ಎಲ್ಲಕ್ಕಿಂತ ಮೊದಲು ಬರುವುದು ಸಮುದ್ರ. ಇದು ಸ್ವಾಭಾವಿಕವೇ ಆಗಿದೆ. ಭೂಮಿಯ ಮೇಲೆ ಎಳೆದ ಗೆರೆಯನ್ನು ಮರೆಯಬಹುದು. ಕಡಲ ದಡವನ್ನು ಮರೆಯುವವರಿಲ್ಲ.

ಆದರೆ ನಮ್ಮ ಪೂರ್ವಜರಿಗೆ ಕಡಲು ಗಡಿ ಮಾತ್ರವಾಗಿರಲಿಲ್ಲ. ಶ್ರೀಪಾಲನ ಕಥೆಯನ್ನು ಸಿದ್ಧಚಕ್ರ ಆರಾಧನೆಯ ಸಂದರ್ಭದಲ್ಲಿ ಕೇಳದ ಜೈನ ಮನೆತನವುಂಟೆ? ಅಲ್ಲಿ ಧವಳಶ್ರೇಷ್ಠಿಯ ಹಡಗುಗಳಿವೆ, ದ್ವೀಪಗಳಿವೆ, ಬಂದರುಗಳಿವೆ. ಶ್ರೇಷ್ಠಿಯು ದುರಾಸೆಗೆ ಸಿಕ್ಕಿ ಶ್ರೀಪಾಲನನ್ನು ನಡುಗಡಲಿಗೆ ತಳ್ಳಿಸಿದ ಘಟನೆಯೂ ಇದೆ. ವ್ಯಾಪಾರಿಯ ಸಮುದ್ರಯಾನ ನಮ್ಮ ಪುರಾಣಗಳಿಗೆ ಹೊಸದಲ್ಲ. ಆ ಯಾನದಲ್ಲಿ ಲೋಭ ಹೇಗೆ ಬೆಳೆಯುತ್ತದೆಂಬುದೂ ಅವುಗಳಿಗೆ ತಿಳಿಯದ ವಿಷಯವಲ್ಲ.

ನಮ್ಮ ಜಿಲ್ಲೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಕಾಳುಮೆಣಸು ಹೊನ್ನಾವರ, ಭಟ್ಕಳ ಮೊದಲಾದ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಭಟ್ಕಳದ ಚಂದ್ರನಾಥ ಬಸದಿ, ಹಾಡುವಳ್ಳಿಯ ಬಸದಿಗಳು, ಗೇರುಸೊಪ್ಪೆಯ ಚತುರ್ಮುಖ ಬಸದಿ ಇವೆಲ್ಲ ಬಂದರುಗಳ ಸಂಪತ್ತಿನ ನೆರಳಿನಲ್ಲಿ ಬೆಳೆದ ಧರ್ಮಕೇಂದ್ರಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಬಯಲುಸೀಮೆಯ ಹತ್ತಿಯು ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಯಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ, ಧಾರವಾಡ ಸೀಮೆಯಲ್ಲಿ ಬೆಳೆದ ತಳಿಗೆ ಮಾರುಕಟ್ಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ನಿಂತಿತು. ಬೆಳೆದ ನೆಲದ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು. ಕಡಲನ್ನು ದೂರವಿಟ್ಟು ಬದುಕಿದವರು ನಾವಲ್ಲ.

ಸಂಪಾದನೆಗಲ್ಲದೆ ನೋಡುವ ಸಂತೋಷಕ್ಕಾಗಿಯೇ ಈ ನೀರಿನಲ್ಲಿ ಸಾಗಿದವರೂ ಇದ್ದಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಕಡಲಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ಶರಾವತಿಯನ್ನೇರಿ ಗೇರುಸೊಪ್ಪೆಯನ್ನು ತಲುಪಿದ. ಇಕ್ಕೇರಿಗೆ ಹೊರಟಿದ್ದ ರಾಯಭಾರಿಯ ಜೊತೆಗೆ ಅವನಿದ್ದರೂ ರಾಯಭಾರದ ಹೊಣೆ ಅವನದಾಗಿರಲಿಲ್ಲ. ಅವನನ್ನು ನಡೆಸಿದ್ದು ಕುತೂಹಲ. ನದಿಯ ಚೆಲುವನ್ನು ಅವನು ಮೆಚ್ಚಿ ಬರೆದ. ರಾಣಿಯ ನಗರ ಪಾಳುಬಿದ್ದುದನ್ನೂ ಬರೆದ. ಮೆಣಸಿಗಾಗಿ ಬಂದ ನೂರು ಹಡಗುಗಳು ನಮಗೆ ತಿಳಿಸದ ಸಂಗತಿಗಳನ್ನು ಸುಮ್ಮನೆ ನೋಡಲು ಬಂದ ಒಬ್ಬನು ತಿಳಿಸಿದ್ದಾನೆ. ಆದ್ದರಿಂದ ನೋಡುವುದು ನಿಷ್ಪ್ರಯೋಜಕವೆಂದು ಒಮ್ಮೆಗೇ ತೀರ್ಪು ಕೊಡುವಂತಿಲ್ಲ.

ಹಿಂಸೆಯ ನಾಲ್ಕು ಮನೆಗಳು

ಈಗ ಅಣ್ಣನ ಮಗನ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಹಿಂಸೆಯನ್ನು ನಾಲ್ಕು ವಿಧವಾಗಿ ವಿಭಾಗಿಸುವ ಪದ್ಧತಿ ಇದೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪಿ ಹಿಂಸೆ. ಗೃಹಸ್ಥನು ಇದನ್ನು ಪೂರ್ಣವಾಗಿ ಬಿಡಬೇಕು. ಅಡಿಗೆ, ಗುಡಿಸುವುದು, ಸಾರಿಸುವುದು ಮುಂತಾದ ಮನೆಗೆಲಸಗಳಲ್ಲಿ ಆಗುವುದು ಆರಂಭಿ ಹಿಂಸೆ. ಕೃಷಿ, ವಾಣಿಜ್ಯಾದಿ ಜೀವನೋಪಾಯದಲ್ಲಿ ಆಗುವುದು ಉದ್ಯೋಗಿ ಹಿಂಸೆ. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ ಹಿಂಸೆ. ಕೊನೆಯ ಮೂರನ್ನು ಗೃಹಸ್ಥನು ಸಂಪೂರ್ಣ ಬಿಡಲಾರ. ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕು.

ಮೀನುಗಾರನ ದೋಣಿಯನ್ನು ನಾವು ಮೆಚ್ಚುವುದಿಲ್ಲ. ಆದರೂ ಅವನ ಪಾಲಿಗೆ ಅದು ಹೊಟ್ಟೆಪಾಡು. ಸರಕು ಸಾಗಿಸುವ ಹಡಗಿನ ಹಿಂಸೆ ಉದ್ಯೋಗಿ ಹಿಂಸೆ. ವಿಹಾರನೌಕೆಯ ಹಿಂಸೆಯನ್ನು ಈ ನಾಲ್ಕರಲ್ಲಿ ಎಲ್ಲಿ ಇಡೋಣ? ಅದರಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಅದು ಮನೆಗೆಲಸವಲ್ಲ, ಜೀವನೋಪಾಯವಲ್ಲ, ರಕ್ಷಣೆಯೂ ಅಲ್ಲ. ನಾಲ್ಕು ಮನೆಗಳಲ್ಲಿ ಯಾವುದರಲ್ಲಿಯೂ ಅದಕ್ಕೆ ಜಾಗವಿಲ್ಲ. ಹೀಗೆ ಮನೆಯಿಲ್ಲದೆ ಉಳಿಯುವ ಹಿಂಸೆಗಾಗಿಯೇ ನಮ್ಮ ಆಚಾರ್ಯರು ಅನರ್ಥದಂಡವೆಂಬ ಬೇರೊಂದು ಹೆಸರನ್ನು ಇಟ್ಟು, ಅದರ ತ್ಯಾಗವನ್ನು ಒಂದು ಗುಣವ್ರತವನ್ನಾಗಿ ಮಾಡಿದರು. ಪ್ರಯೋಜನವಿಲ್ಲದೆ ನೀರು ಚೆಲ್ಲುವುದು, ನೆಲ ಅಗೆಯುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು, ಸುಮ್ಮನೆ ಅಲೆಯುವುದು ಮತ್ತು ಅಲೆಯಿಸುವುದು ಇವುಗಳನ್ನು ‘ಪ್ರಮಾದಚರ್ಯೆ’ ಎಂಬ ಭೇದದಲ್ಲಿ ಸೇರಿಸಿದ್ದಾರೆ.

“ವಿಹಾರದೋಣಿಯಿಂದ ಯಾವ ಜೀವಕ್ಕೆ ಏನಾಗುತ್ತದೆ?” ಎಂದು ಕೇಳಬಹುದು. ನಾನೂ ವಿಚಾರಿಸಿದೆ. ಅಣ್ಣನ ಮಗ ಕೊಟ್ಟ ಲೆಕ್ಕವೇ ಹೀಗಿತ್ತು: ಗಂಟೆಗೆ ಸುಮಾರು 60 ಲೀಟರ್ ಡೀಸೆಲ್, ದಿನಕ್ಕೆ ಐದು ಗಂಟೆಯ ಪ್ರಯಾಣ, ನಾಲ್ಕು ದಿನ, ಒಟ್ಟು 1,200 ಲೀಟರ್. ಆರು ಮಂದಿಗೆ ಹಂಚಿದರೆ ತಲೆಗೆ 200 ಲೀಟರ್. ಲೀಟರಿಗೆ 15 ಕಿ.ಮೀ. ಓಡುವ ಕಾರಿನಲ್ಲಿ ಅಷ್ಟು ಎಣ್ಣೆಯಿಂದ 3,000 ಕಿ.ಮೀ. ಹೋಗಬಹುದು. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೋ ಇಂಗಾಲಾಮ್ಲ ಹೊರಬರುತ್ತದೆ. ಆ ಪ್ರಕಾರ ಈ ನಾಲ್ಕು ದಿನದ ವಿಹಾರದ ಪಾಲು ಮೂರು ಟನ್ನಿಗೂ ಮಿಕ್ಕಿತು. ಖರ್ಚಿನ ಕಡೆ ಇಷ್ಟು ಬರೆದ ಮೇಲೆ ಜಮಾ ಕಡೆ ಬರೆಯಲು ‘ಸಂತೋಷ’ ಎಂಬ ಒಂದೇ ಪದವಿತ್ತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಲಕಿತು. ಸದಾ ನೀರಿನಲ್ಲಿರುವ ದೋಣಿಯ ತಳಕ್ಕೆ ಚಿಪ್ಪಿನ ಸಣ್ಣ ಜೀವಿಗಳೂ ಪಾಚಿಯೂ ಅಂಟಿಕೊಳ್ಳುತ್ತವೆ. ಅವು ಅಂಟಿದರೆ ವೇಗ ಕುಗ್ಗುತ್ತದೆ, ಎಣ್ಣೆ ಹೆಚ್ಚು ಬೇಕಾಗುತ್ತದೆ. ಆದಕಾರಣ ತಳಕ್ಕೆ ವಿಷ ಬೆರೆಸಿದ ಬಣ್ಣವನ್ನು ಬಳಿಯುತ್ತಾರೆ. ಅಂಟಲು ಬಂದ ಜೀವ ಉಳಿಯಬಾರದೆಂಬುದೇ ಆ ಬಣ್ಣದ ಗುಣ. 1970ರ ದಶಕದಲ್ಲಿ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಸಂತತಿ ಕುಸಿಯಿತು, ಚಿಪ್ಪುಗಳು ವಿಕಾರಗೊಂಡವು. ಅಲ್ಲಿ ನಿಲ್ಲುತ್ತಿದ್ದ ವಿಹಾರದೋಣಿಗಳ ಬಣ್ಣದಲ್ಲಿದ್ದ ತವರದ ಸಂಯುಕ್ತವೇ ಕಾರಣವೆಂದು ತಿಳಿದುಬಂದು, 1982ರಲ್ಲಿ ಆ ದೇಶವು 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿತು. 2001ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದವು 2008ರಲ್ಲಿ ಜಾರಿಗೆ ಬಂದು ಹಡಗುಗಳಿಗೂ ಆ ನಿಷೇಧ ವಿಸ್ತರಿಸಿತು. ಈಗ ಹೆಚ್ಚಾಗಿ ತಾಮ್ರದ ಬಣ್ಣ ಬಳಕೆಯಲ್ಲಿದೆ. ಅದೂ ವಿಷವೇ, ಪ್ರಮಾಣ ಬೇರೆ. ಮೇಲೆ ಕುಳಿತವನು ನೀರನ್ನು ಗಾಳಿಸಿ ಕುಡಿಯುತ್ತಾನೆ. ಅವನ ಕಾಲ ಕೆಳಗಿನ ಹಲಗೆ ಹಗಲಿರುಳು ವಿಷವನ್ನು ಸೂಸುತ್ತಿರುತ್ತದೆ. ಸರಕಿನ ಹಡಗಿಗೂ ಇದೇ ಬಣ್ಣವಿದೆ ಎಂಬುದು ನಿಜ. ಅಲ್ಲಿ ಹಿಂಸೆಗೆ ಒಂದು ಕಾರಣವನ್ನಾದರೂ ಹೇಳಬಹುದು. ಇಲ್ಲಿ ಏನು ಹೇಳೋಣ?

ವ್ಯಾಪಾರಿಯ ತಪ್ಪೊಪ್ಪಿಗೆ

ಇಷ್ಟು ಲೆಕ್ಕ ಹಾಕಿದ ಮೇಲೆ ಅಣ್ಣನ ಮಗನನ್ನು ಗೆದ್ದೆನೆಂದು ಭಾವಿಸಿದೆ. ಆದರೆ ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ಅವನ ಮಾತಿನ ಮೊದಲ ಅರ್ಧ ನನ್ನನ್ನು ಬಿಡಲಿಲ್ಲ. ಮೂವತ್ತು ವರ್ಷ ನಾನು ತಿರುಗಿದ ತಿರುಗಾಟಕ್ಕೆ ‘ಪ್ರಯೋಜನ’ವಿತ್ತು, ನಿಜ. ಆ ಪ್ರಯೋಜನ ಎಷ್ಟು ಪಾಲು ಕುಟುಂಬದ ಪೋಷಣೆಗಾಗಿ, ಎಷ್ಟು ಪಾಲು ಇನ್ನೊಬ್ಬ ದಲಾಲಿಗಿಂತ ಮುಂದಿರಬೇಕೆಂಬ ಹಟಕ್ಕಾಗಿ? ಮನೆಯ ಖರ್ಚಿಗೆ ಬೇಕಾದುದನ್ನು ನಾನು ಹುಬ್ಬಳ್ಳಿಯ ಪೇಟೆಯಲ್ಲಿಯೇ ಗಳಿಸಬಹುದಾಗಿತ್ತು. ದೂರದ ಪೇಟೆಗಳಿಗೆ ನನ್ನನ್ನು ಕರೆದೊಯ್ದದ್ದು ಅವಶ್ಯಕತೆಯಲ್ಲ, ಲೋಭ. ಒಟ್ಟು ಹಿಂಸೆಯನ್ನು ತೂಗಿದರೆ ಅವನ ನಾಲ್ಕು ದಿನದ ದೋಣಿಗಿಂತ ನನ್ನ ಮೂವತ್ತು ವರ್ಷದ ವ್ಯವಹಾರವೇ ಹೆಚ್ಚು ಭಾರ.

ಇದನ್ನು ಒಪ್ಪಿಕೊಂಡರೆ ಏನು ಸಿದ್ಧಿಸುತ್ತದೆ? ‘ಲಾಭದ ಯಾನ ಸರಿಯಾದರೆ ವಿಹಾರದ ಯಾನವೂ ಸರಿ’ ಎಂದಲ್ಲ. ‘ವಿಹಾರಕ್ಕೆ ಮಿತಿ ಬೇಕಾದರೆ ಲಾಭಕ್ಕೂ ಬೇಕು’ ಎಂದು ಸಿದ್ಧಿಸುತ್ತದೆ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವೃತ್ತಿಯನ್ನು ಬರೆದ ಪೂಜ್ಯಪಾದಾಚಾರ್ಯರು ದಿಗ್ವ್ರತದ ಫಲವನ್ನು ಹೇಳುವಾಗ, ಗಡಿಯ ಆಚೆ ಲಾಭವಿದ್ದರೂ ಅತ್ತ ಮನಸ್ಸು ಹರಿಯದಿರುವುದರಿಂದ ಲೋಭದ ನಿರಸನವಾಗುತ್ತದೆ ಎಂಬ ಅಭಿಪ್ರಾಯವನ್ನು ಕೊಡುತ್ತಾರೆ. ಗಮನಿಸಬೇಕು: ಅವರ ಕಣ್ಣಮುಂದೆ ಇದ್ದವನು ವಿಹಾರಿಯಲ್ಲ, ವ್ಯಾಪಾರಿ. ಈ ವ್ರತ ಮೊದಲು ಹುಟ್ಟಿದ್ದು ನನ್ನಂಥವನ ಕಾಲಿಗೆ ಕಟ್ಟುವುದಕ್ಕಾಗಿ. ನಾನು ಅದನ್ನು ವ್ಯಾಪಾರವನ್ನೆಲ್ಲ ಮುಗಿಸಿದ ಮೇಲೆ ಅರವತ್ತರ ವಯಸ್ಸಿನಲ್ಲಿ ಸ್ವೀಕರಿಸಿದೆ. ಪೇಟೆಗೆ ಹೋಗುವುದು ನಿಂತ ಮೇಲೆ ಪೇಟೆಯ ದಾರಿಗೆ ಬೇಲಿ ಹಾಕಿದೆ. ಅಣ್ಣನ ಮಗನಿಗೆ ಇದನ್ನೇ ಹೇಳಿದೆ. “ನಿನ್ನ ಮಾತು ಅರ್ಧ ಖರೆ ಅದ” ಎಂದೆ. ಅವನು ನಕ್ಕ.

ಆದರೂ ಎರಡಕ್ಕೂ ಒಂದು ವ್ಯತ್ಯಾಸವಿದೆ. ಅವಶ್ಯಕತೆಗೆ ತನ್ನದೇ ಆದ ಕೊನೆ ಇರುತ್ತದೆ: ಸರಕು ಇಳಿದರೆ ಹಡಗು ಹಿಂದಿರುಗಬೇಕು. ವಾರಂಗದ ಕೆರೆಬಸದಿಗೆ ನಾವು ದಂಪತಿಗಳು ಹಿಂದೊಮ್ಮೆ ಹೋಗಿದ್ದೆವು. ಕೆರೆಯ ನಡುವಿನ ಆ ಬಸದಿಗೆ ಸಣ್ಣ ದೋಣಿಯಲ್ಲಿಯೇ ಹೋಗಬೇಕು. ಬಾಗಿಲು ಬಂದೊಡನೆ ದೋಣಿಯ ಕೆಲಸ ಮುಗಿಯಿತು. ದೋಣಿಯನ್ನು ಮರೆತು ನಾಲ್ಕು ದಿಕ್ಕಿನ ಜಿನಬಿಂಬಗಳನ್ನು ದರ್ಶಿಸಿದೆವು. ವಿಹಾರನೌಕೆಗಾದರೋ ತಲುಪಬೇಕಾದ ಬಾಗಿಲಿಲ್ಲ. ಬಂದರುಗಳು ಅದಕ್ಕೆ ನೆಪ; ಒಂದು ಮುಗಿದರೆ ಇನ್ನೊಂದು. ಅದು ನಿಲ್ಲುವುದು ರಜೆ ಅಥವಾ ಹಣ ಮುಗಿದಾಗ ಮಾತ್ರ. ಹೊರಗಿನಿಂದ ಕೊನೆ ಬಾರದ ಇಂಥ ಕಡೆಯಲ್ಲಿಯೇ ಒಳಗಿನಿಂದ ಗೆರೆ ಎಳೆದುಕೊಳ್ಳಬೇಕಾಗುತ್ತದೆ.

ನೆಪಗಳ ಪರೀಕ್ಷೆ

ಅಣ್ಣನ ಮಗ ಜಾಣ. “ಕಾಕಾ, ಭಟ್ಕಳದಾಗ ಬಸದಿ ಅದ, ಗೇರುಸೊಪ್ಪಿಗೂ ಹೋಗೂಣು. ಇದನ್ನ ತೀರ್ಥಯಾತ್ರೆ ಅಂತನ ತಿಳಕೊಳ್ರಿ” ಎಂದ. ನನ್ನ ಮನಸ್ಸು ಒಂದು ಕ್ಷಣ ಅತ್ತ ವಾಲಿತು. ಇನ್ನೊಂದು ಉಪಾಯವೂ ಹೊಳೆಯಿತು: ಪೂರ್ವದಲ್ಲಿ ಸ್ವಲ್ಪ ಕಡಿಮೆ ಮಾಡಿ ಪಶ್ಚಿಮದಲ್ಲಿ ಹತ್ತು ಮೈಲಿ ಸೇರಿಸಿಕೊಂಡರೆ ಒಟ್ಟು ಕ್ಷೇತ್ರ ಬದಲಾಗುವುದಿಲ್ಲವಲ್ಲ! ಲೆಕ್ಕಪುಸ್ತಕದಲ್ಲಿ ನಾವು ದಿನವೂ ಮಾಡುವ ಹೊಂದಾಣಿಕೆ ಇದು. ಶಾಸ್ತ್ರವನ್ನು ತೆರೆದು ನೋಡಿದರೆ, ದಿಗ್ವ್ರತದ ಐದು ಅತಿಚಾರಗಳಲ್ಲಿ ಮೇಲೆ, ಕೆಳಗೆ, ಅಡ್ಡ ದಿಕ್ಕುಗಳನ್ನು ಮೀರುವ ಮೂರರ ನಂತರ ‘ಕ್ಷೇತ್ರವೃದ್ಧಿ’ ಇದೆ. ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸುವುದೂ ಅದೇ ದೋಷವೆಂದು ವ್ಯಾಖ್ಯಾನಗಳು ತಿಳಿಸುತ್ತವೆ. ಐದನೆಯದು ‘ಸ್ಮೃತ್ಯಂತರಾಧಾನ’, ಅಂದರೆ ಗಡಿಯನ್ನೇ ಮರೆಯುವುದು. ನನ್ನ ಉಪಾಯವನ್ನು ಆಚಾರ್ಯರು ಶತಮಾನಗಳ ಹಿಂದೆಯೇ ಕಂಡು ಹೆಸರಿಟ್ಟಿದ್ದರು. ವ್ಯಾಪಾರಿಗಳ ಮನಸ್ಸನ್ನು ಅವರು ಚೆನ್ನಾಗಿ ಬಲ್ಲವರು.

ತೀರ್ಥಯಾತ್ರೆಯ ಮಾತಾದರೋ, ಗೇರುಸೊಪ್ಪೆಗೆ ಬಸ್ಸು ಇದೆ. ಬಸ್ಸಿನಲ್ಲಿ ಹೋಗಲು ಬೇಸರವಾಗಿ ನೌಕೆಯಲ್ಲಿ ಹೋಗಲು ಉತ್ಸಾಹವಾದರೆ ನಾನು ಹೊರಟಿರುವುದು ಬಸದಿಗಲ್ಲ. ವಿಹಾರವನ್ನು ವಿಹಾರವೆಂದೇ ಕರೆಯುವ ಅಣ್ಣನ ಮಗನಿಗಿಂತ, ಅದನ್ನು ಯಾತ್ರೆಯೆಂದು ಕರೆದುಕೊಂಡು ಹೋಗುವ ನಾನು ಹೆಚ್ಚು ದೋಷಿಯಾಗುತ್ತಿದ್ದೆ. ಅನರ್ಥದಂಡಕ್ಕೆ ಮಾಯೆಯೂ ಸೇರುತ್ತಿತ್ತು.

ನನ್ನ ವ್ರತ, ಅವಳ ಆಸೆ

ಹೋಗುವುದಿಲ್ಲವೆಂದು ನಾನು ನಿಶ್ಚಯಿಸಿದೆ. ಎರಡನೆಯ ಪ್ರಶ್ನೆ ಉಳಿಯಿತು. ಅದೇ ಕಠಿಣವಾದುದು.

ವ್ರತವು ಅದನ್ನು ಸ್ವೀಕರಿಸಿದವನನ್ನು ಮಾತ್ರ ಬಂಧಿಸುತ್ತದೆ. ನನ್ನ ಗೆರೆಯೊಳಗೆ ಇನ್ನೊಬ್ಬರನ್ನು ಕೂಡಿಹಾಕುವುದು ಸಂಯಮವಲ್ಲ, ಯಜಮಾನಿಕೆ. ಆದರೆ ಕೃತ, ಕಾರಿತ, ಅನುಮೋದನ ಎಂದು ಮೂರೂ ಬಗೆಯ ಹೊಣೆಯನ್ನು ನಮ್ಮ ಧರ್ಮ ಹೇಳುತ್ತದೆ. ತಾನು ಹೋಗದೆ ಇನ್ನೊಬ್ಬರನ್ನು ಗಡಿಯಾಚೆ ಕಳುಹಿಸುವುದು ‘ಪ್ರೇಷ್ಯಪ್ರಯೋಗ’ ಎಂದು ದೇಶವ್ರತದ ಅತಿಚಾರಗಳಲ್ಲಿ ಗಣಿತವಾಗಿದೆ. ಅವಳನ್ನು ಕಳುಹಿಸಿದರೆ ನಾನು ಆ ದೋಷಕ್ಕೆ ಒಳಗಾಗುವೆನೇ? ಬಹಳ ಯೋಚಿಸಿ ಹೀಗೆ ತೀರ್ಮಾನಿಸಿದೆ: ಪ್ರೇಷ್ಯನೆಂದರೆ ನನ್ನ ಕೆಲಸಕ್ಕಾಗಿ ನಾನು ಕಳುಹಿಸುವವನು. ಅವಳು ನನ್ನ ಆಳಲ್ಲ. ಹೋಗುವುದೂ ನನ್ನ ಕೆಲಸಕ್ಕಲ್ಲ. ನಾನು ಹೋಗೆಂದು ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ತಿಳಿದುದನ್ನೆಲ್ಲ, ಎಣ್ಣೆಯ ಲೆಕ್ಕ ಮತ್ತು ಬಣ್ಣದ ವಿಷಯ ಸಹಿತ, ಅವಳ ಮುಂದಿಟ್ಟು ನಿರ್ಧಾರವನ್ನು ಅವಳಿಗೇ ಬಿಟ್ಟೆ. ಅವಳು ಎಲ್ಲವನ್ನೂ ಕೇಳಿ ಒಂದು ದಿನ ಸುಮ್ಮನಿದ್ದು, “ಒಂದು ಸಲ ನೋಡಿ ಬರತೇನ್ರಿ” ಎಂದಳು. ಕಾರವಾರದಲ್ಲಿ ಹತ್ತಿ ಹೊನ್ನಾವರದಲ್ಲಿ ಇಳಿಯುವುದೆಂದು ತನ್ನ ಗಡಿಯನ್ನು ತಾನೇ ಹಾಕಿಕೊಂಡಳು. ಗಾಳಿಸಿದ ನೀರನ್ನೂ ಸೂರ್ಯಾಸ್ತದೊಳಗೆ ಉಣ್ಣಲು ರೊಟ್ಟಿ, ಚಟ್ನಿಪುಡಿಗಳನ್ನೂ ಕಟ್ಟಿಕೊಂಡು ಹೊರಟಳು.

ಆ ಎರಡು ದಿನ ನಾನು ಅತ್ತಿವೇರಿಯ ಜಲಾಶಯದ ದಂಡೆಯ ಮೇಲೆ ಕುಳಿತು ಕಳೆದೆ. ನಮ್ಮೂರ ಪಕ್ಷಿಧಾಮ ದೊಡ್ಡದಲ್ಲ. ಎಲ್ಲ ಸೇರಿ 2.23 ಚದರ ಕಿ.ಮೀ. ಚಮಚದ ಕೊಕ್ಕಿನ ಹಕ್ಕಿಗಳು, ನೀರುಕಾಗೆಗಳು, ಬಿಳಿ ಕೆಂಬರಲುಗಳು ಅಲ್ಲಿ ಸೇರುತ್ತವೆ. ದೂರದೇಶದಿಂದ ಬರುವ ವಲಸೆಗಾರರೂ ಉಂಟು. ಅವುಗಳಿಗೆ ಗಡಿಯಿಲ್ಲ. ಆದರೆ ನೋಡುತ್ತ ಕುಳಿತಂತೆ ಒಂದು ಮಾತು ಸ್ಪಷ್ಟವಾಯಿತು: ಅವುಗಳಲ್ಲಿ ಯಾವುದೂ ವಿಹಾರಕ್ಕೆ ಬಂದುದಲ್ಲ. ಆಹಾರ, ಗೂಡು, ಮರಿ ಇವುಗಳ ಹೊರತು ಅವುಗಳ ಯಾನಕ್ಕೆ ಬೇರೆ ಕಾರಣವಿಲ್ಲ. ಕಾರಣವಿಲ್ಲದೆ ಅಲೆಯಬಲ್ಲವನು ಮನುಷ್ಯನೊಬ್ಬನೇ. ಆದಕಾರಣ ಅಲೆಯದಿರುವ ವ್ರತವನ್ನು ತೊಡಬಲ್ಲವನೂ ಅವನೇ.

ಎರಡನೆಯ ದಿನ ಬೆಳಿಗ್ಗೆ ದೂರವಾಣಿ ಬಂತು. ಕಾರವಾರದ ಹತ್ತಿರ ಡಾಲ್ಫಿನ್‌ಗಳು ನೌಕೆಯ ಪಕ್ಕದಲ್ಲಿ ಏಳುತ್ತ ಮುಳುಗುತ್ತ ಬಂದವಂತೆ. ಅವಳು ಚಿಕ್ಕ ಹುಡುಗಿಯಂತೆ ವರ್ಣಿಸುತ್ತಿದ್ದಳು. ಹಿಂದೆ ನೀರಿನ ಸದ್ದು ಕೇಳುತ್ತಿತ್ತು. ನಾನು ಬಹಳ ಹೊತ್ತು ಕೇಳಿದೆ, ಪ್ರಶ್ನೆಗಳನ್ನೂ ಕೇಳಿದೆ. ಆಮೇಲೆ ನೆನಪಾಯಿತು: ಗಡಿಯೊಳಗೆ ನಿಂತು ದನಿಯ ಮೂಲಕ ಆಚೆಯವರೊಡನೆ ವ್ಯವಹರಿಸುವುದಕ್ಕೆ ‘ಶಬ್ದಾನುಪಾತ’ವೆಂದು ಹೆಸರು, ಅದೂ ದೇಶವ್ರತದ ಅತಿಚಾರವೇ. ನನ್ನದು ದಿಗ್ವ್ರತವಾದ್ದರಿಂದ ಅಕ್ಷರಶಃ ಅದು ನನಗೆ ತಗಲದಿರಬಹುದು. ಆದರೆ ದೇಹವನ್ನು ದಡದಲ್ಲಿಟ್ಟು ಮನಸ್ಸನ್ನು ಕಡಲಿಗೆ ಕಳುಹಿಸಿದ್ದೆನೆಂಬುದು ನಿಜ. ಇಂದಿನ ಕಾಲದಲ್ಲಿ ಕಾಲಿಗೆ ಹಾಕಿದ ಗಡಿ ಸಾಲದು. ಕಣ್ಣು ಕಿವಿಗಳಿಗೂ ಬೇಕೆಂದು ಅಂದು ತಿಳಿಯಿತು. ಆದರೂ ಅವಳ ಸಂತೋಷವನ್ನು ಕೇಳದೆ ದೂರವಾಣಿಯನ್ನು ಕೆಳಗಿಟ್ಟಿದ್ದರೆ ಅದು ಧರ್ಮವಾಗುತ್ತಿತ್ತೇ? ಈ ಸಂದೇಹ ನನಗೆ ಇಂದಿಗೂ ಪರಿಹಾರವಾಗಿಲ್ಲ. ಬಲ್ಲವರು ತಿಳಿಸಬೇಕು.

ಹೊನ್ನಾವರದ ದಕ್ಕೆಯಲ್ಲಿ

ಶಿರಸಿ, ದೇವಿಮನೆ ಘಟ್ಟ, ಕುಮಟೆಗಳ ಮಾರ್ಗವಾಗಿ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋಗಿ ಅವಳನ್ನು ಎದುರುಗೊಂಡೆ. ಅಳಿವೆಯಲ್ಲಿ ಹೂಳಿರುವುದರಿಂದ ನೌಕೆ ಭರತಕ್ಕಾಗಿ ಹೊರಗೆ ಕಾಯಬೇಕಾಯಿತು. ನದಿ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಮೊದಲಾಯಿತು ಎಂದು ಆ ನೀರನ್ನು ನೋಡಿ ಹೇಳುವುದು ಅಸಾಧ್ಯ. ಭರತದಲ್ಲಿ ಉಪ್ಪುನೀರು ನದಿಯೊಳಗೆ ಬಹುದೂರ ಏರುತ್ತದೆ. ಇಳಿತದಲ್ಲಿ ಸಿಹಿನೀರು ಕಡಲಿಗೆ ನುಗ್ಗುತ್ತದೆ. ನಾನು ಸ್ಥಿರವೆಂದು ನಂಬಿದ್ದ ಮೇರೆ ದಿನಕ್ಕೆ ಎರಡು ಸಲ ಸರಿಯುತ್ತಿತ್ತು. ಗಡಿ ನೀರಿನಲ್ಲಿಲ್ಲ, ಸಂಕಲ್ಪದಲ್ಲಿದೆ ಎಂದುಕೊಂಡು ದಕ್ಕೆಯ ಕಲ್ಲಿನ ಮೇಲೆಯೇ ನಿಂತೆ.

ಅವಳು ಇಳಿದು ಬಂದಳು. ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ರಸ್ತೆಯ ಮೂಲಕ ಹೋಗಿ ದರ್ಶನ ಮಾಡಿದೆವು. ಹಿಂದಿರುಗುವಾಗ ಅವಳು ಹೇಳಿದ ಮಾತುಗಳನ್ನು ಇದ್ದ ಹಾಗೆ ದಾಖಲಿಸುತ್ತೇನೆ. ನನ್ನ ವಾದಕ್ಕೆ ಅನುಕೂಲವಾದುದನ್ನು ಮಾತ್ರ ಬರೆದರೆ ಅದು ಅಸತ್ಯವಾದೀತು. ಮೊದಲ ಮಾತು: ಅಷ್ಟು ಸಂತೋಷದ ದಿನಗಳು ಬಹಳ ವರ್ಷಗಳಿಂದ ಅವಳಿಗೆ ಬಂದಿರಲಿಲ್ಲ. ಎರಡನೆಯದು: ಸಂಜೆ ಲಂಗರು ಹಾಕಿದಾಗ ಕೆಲಸದ ಹುಡುಗರು ತಮ್ಮ ಊಟಕ್ಕೆಂದು ಹಿಂದಿನ ಅಂಚಿನಿಂದ ಗಾಳ ಬಿಟ್ಟರು. ಬೇಡವೆಂದು ಇವಳು ಕೇಳಿಕೊಂಡಾಗ ಒಬ್ಬನು, “ಅಮ್ಮಾ, ನಮಗೆ ಇದೇ ಊಟ” ಎಂದು ವಿನಯದಿಂದಲೇ ಹೇಳಿದನಂತೆ. ಇವಳು ಮಾತಾಡಲಿಲ್ಲ. “ಅವರ ಹೊಟ್ಟಿ ಅವರದು. ಆದ್ರ ನಾವು ಅಲ್ಲಿ ಇಲ್ಲದಿದ್ರ ಅವರು ಆ ಹೊತ್ತಿಗೆ ತಮ್ಮ ಮನಿಯಾಗ ಇರತಿದ್ರು” ಎಂದಳು. ಮೂರನೆಯದು: “ನೀವೂ ಬಂದಿದ್ರ ಚಲೋ ಇತ್ತು.” ಇದಕ್ಕೆ ನಾನು ಉತ್ತರ ಕೊಡಲಿಲ್ಲ.

ಸೀಮೆಯೊಳಗಿನ ಲೋಕ

ಕವಿ ರವೀಂದ್ರನಾಥ ಠಾಕೂರರು 1883ರಲ್ಲಿ ಕಾರವಾರದಲ್ಲಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳ ಇರುಳು ಅವರು ಸಣ್ಣ ದೋಣಿಯಲ್ಲಿ ಕಾಳಿನದಿಯ ಮೇಲಕ್ಕೆ ವಿಹಾರ ಹೋಗಿದ್ದುದನ್ನೂ, ಹಿಂದಿರುಗುವಾಗ ನದೀಮುಖದಲ್ಲಿ ಇಳಿದು ಕಡಲಿಗೆ ಹೋಗದೆ ಮರಳ ಮೇಲೆ ನಡೆದು ಮನೆ ಸೇರಿದುದನ್ನೂ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ರಚಿಸಿದರು. ಎಲ್ಲ ಬಂಧವನ್ನೂ ಕಡಿದುಕೊಂಡ ಸಂನ್ಯಾಸಿಯನ್ನು ಒಬ್ಬ ಅನಾಥ ಬಾಲಕಿಯ ಪ್ರೀತಿ ಮರಳಿ ಲೋಕಕ್ಕೆ ಎಳೆಯುವ ಕಥೆ ಅದು. ನಿರ್ಗ್ರಂಥ ಮಾರ್ಗವನ್ನು ನಂಬಿದ ನಮಗೆ ಆ ಕಥೆಯ ತೀರ್ಮಾನ ಪೂರ್ತಿ ಒಪ್ಪಿಗೆಯಾಗಲಾರದು. ಆದರೆ ಸೀಮೆಯೊಳಗೇ ಅಸೀಮವನ್ನು ಕಾಣುವ ಆನಂದವೇ ತಮ್ಮ ಬರಹಗಳ ವಿಷಯವೆಂದು ಕವಿಗಳು ಆ ನಾಟಕದ ಪ್ರಸ್ತಾಪದಲ್ಲಿ ಹೇಳಿರುವುದು ದಿಗ್ವ್ರತಿಗೆ ತೀರ ಹತ್ತಿರದ ಮಾತು.

ಸಮಂತಭದ್ರರು ಒಂದು ಅಪೂರ್ವ ವಿಚಾರವನ್ನು ಹೇಳಿದ್ದಾರೆ. ಗಡಿಯ ಆಚೆ ಸೂಕ್ಷ್ಮ ಪಾಪಗಳೂ ನಿಂತುಹೋಗುವುದರಿಂದ, ಆ ಪ್ರದೇಶದ ಮಟ್ಟಿಗೆ ಗೃಹಸ್ಥನ ಅಣುವ್ರತಗಳೇ ಮಹಾವ್ರತಗಳಂತೆ ಆಗುತ್ತವೆ. ಅರ್ಥಾತ್, ಮನೆಯಲ್ಲಿ ನಾನು ಸಾಮಾನ್ಯ ಶ್ರಾವಕ. ಕಡಲ ಆಚೆಗೆ ಮಾತ್ರ ಮುನಿಸಮಾನ. ನಾನು ಹೋಗದ ಆ ನೀರಿನಲ್ಲಿ ನನ್ನಿಂದ ಒಂದು ಜೀವಕ್ಕೂ ನೋವಿಲ್ಲ. ಇಷ್ಟು ಕಡಿಮೆ ಬೆಲೆಗೆ ಇಷ್ಟು ದೊಡ್ಡ ಲಾಭವನ್ನು ಕೊಡುವ ವ್ಯವಹಾರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಮುನಿಗಳು ವರ್ಷದ ಎಂಟು ತಿಂಗಳು ವಿಹರಿಸುತ್ತಾರೆ, ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾರೆ. ನಮ್ಮ ಕರಾವಳಿಯಲ್ಲಿಯೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಳ ಸಂತಾನಕ್ಕೆ ಬಿಡುವು ಸಿಗಲೆಂಬುದು ಅದರ ಒಂದು ಉದ್ದೇಶ. ಹೊಟ್ಟೆಪಾಡಿನ ದೋಣಿಯೇ ಎರಡು ತಿಂಗಳು ದಡದಲ್ಲಿರುವುದಾದರೆ, ಹೊಟ್ಟೆ ತುಂಬಿದವರ ದೋಣಿ ತನಗೊಂದು ಮಿತಿಯನ್ನು ಹಾಕಿಕೊಳ್ಳುವುದು ಅತಿಯಾದ ಅಪೇಕ್ಷೆಯಲ್ಲ.

ವಿಹಾರಕ್ಕೆ ಹೋಗುವವರೆಲ್ಲ ಪಾಪಿಗಳೆಂದು ಹೇಳುವುದು ನನ್ನ ಆಶಯವಲ್ಲ. ದಣಿದವನಿಗೆ ವಿಶ್ರಾಂತಿ ಬೇಕು. ಕಣ್ಣಿಗೆ ಚೆಲುವು ಬೇಕು. ಹೊರಡುವ ಮೊದಲು ತನ್ನನ್ನು ತಾನು ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ಇದು ಎಲ್ಲಿ ಮುಗಿಯುತ್ತದೆಂದು ಈಗಲೇ ಗೊತ್ತುಮಾಡಿಕೊಂಡಿದ್ದೇನೆಯೇ? ಇದರ ಬೆಲೆಯನ್ನು ತೆರುವ ಜೀವಗಳು ಯಾವುವೆಂದು ವಿಚಾರಿಸಿದ್ದೇನೆಯೇ? ಇದನ್ನು ಇದರ ನಿಜವಾದ ಹೆಸರಿನಿಂದ ಕರೆಯುತ್ತಿದ್ದೇನೆಯೇ? ಹೋಗದೆ ಉಳಿದವನಾದರೆ, ನನ್ನ ಸಂಯಮದ ಭಾರವನ್ನು ಇನ್ನೊಬ್ಬರ ತಲೆಯ ಮೇಲೆ ಹೊರಿಸಿದ್ದೇನೆಯೇ? ನನ್ನ ಧರ್ಮಪತ್ನಿ ಮೊದಲ ಮೂರನ್ನು ಶಾಸ್ತ್ರ ಓದದೆಯೇ ಪಾಲಿಸಿದಳು. ನಾಲ್ಕನೆಯದರಲ್ಲಿ ನಾನು ಎಷ್ಟು ಉತ್ತೀರ್ಣನಾದೆನೆಂಬುದನ್ನು ಅವಳೇ ಹೇಳಬೇಕು.

ಈಗ ಸಂಜೆಯ ಹೊತ್ತು ಇಬ್ಬರೂ ಜಲಾಶಯದ ದಂಡೆಗೆ ಹೋಗುತ್ತೇವೆ. ಕತ್ತಲಾಗುವ ಮೊದಲು ಹಕ್ಕಿಗಳು ಮರ ಸೇರುತ್ತವೆ, ನಾವು ಮನೆ ಸೇರುತ್ತೇವೆ. ಶಾಸ್ತ್ರಾರ್ಥದಲ್ಲಿ ನಾನು ಎಡವಿದ್ದರೆ ವಿದ್ವಜ್ಜನರು ತಿದ್ದಬೇಕೆಂದು ಪ್ರಾರ್ಥಿಸಿ, ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆಯನ್ನು ಬೇಡುತ್ತೇನೆ.